ಕಲ್ಲು ಒಡೆಯುವ ಕ್ಲಾಸಿಗೆ ಹೋಗಿಬಂದೆವು: ಕಲ್ಲಿಗೆ ಐದು ಅಂಕ, ಬೆಂಕಿಗೆ ಎರಡೂವರೆ

ಇಂಗ್ಲೆಂಡಿನ ನಾರ್ಫೋಕ್ ಮತ್ತು ಸಫೋಕ್ ಕೌಂಟಿಗಳ ಗಡಿಯಲ್ಲಿ, ಬ್ರ್ಯಾಂಡನ್ ಊರಿನ ಆಸುಪಾಸಿನ ಒಂದು ತೋಟದಲ್ಲಿ ಆದಿಮಾನವರ ಕಲ್ಲು ಮತ್ತು ಬೆಂಕಿಯ ಬಗ್ಗೆ ಒಂದು ದಿನದ ಕ್ಲಾಸು ನಡೆಯುತ್ತದೆ. ಬೆಳಿಗ್ಗೆ ಕಲ್ಲು, ಮಧ್ಯಾಹ್ನ ಬೆಂಕಿ. ದೊಡ್ಡವರಿಗೆ 110 ಪೌಂಡ್, ಮಕ್ಕಳಿಗೆ 60. ನಾನು, ನಮ್ಮ ಮನೆಯವರು, ಹದಿಮೂರು ವರ್ಷದ ಮಗ, ಮೂವರೂ ಹೋಗಿಬಂದೆವು. ಪೂರ್ತಿ ಓದಲು ಪುರಸೊತ್ತಿಲ್ಲದವರಿಗೆ ತೀರ್ಪು ಈಗಲೇ ಹೇಳಿಬಿಡುತ್ತೇನೆ. ಬೆಳಗಿನ ಪಾಠಕ್ಕೆ ಐದಕ್ಕೆ ಐದು. ಮಧ್ಯಾಹ್ನದ್ದಕ್ಕೆ ಎರಡೂವರೆ, ಅದರಲ್ಲೂ ಅರ್ಧ ಅಂಕ ಚಹಾಕ್ಕೆ ಹೋಗಬೇಕು.

ಜಾಗದ ಹೆಸರು ಹಾಕುತ್ತಿಲ್ಲ. ನಡೆಸುವವರು ಒಬ್ಬರೇ. ಅರವತ್ತು ದಾಟಿದ ಮನುಷ್ಯ, ಇದರಲ್ಲೇ ಹೊಟ್ಟೆ ಹೊರೆಯುತ್ತಾರೆ. ನನ್ನ ದೂರಿನಿಂದ ಅವರ ಬುಕಿಂಗ್ ಕಡಿಮೆಯಾಗುವುದು ಬೇಡ. ಇಂಥ ಕ್ಲಾಸುಗಳು ಈ ದೇಶದಲ್ಲಿ ಬೇಕಾದಷ್ಟಿವೆ. ಯಾವುದಕ್ಕೆ ಹೋಗುವುದಾದರೂ ಏನು ಕೇಳಿಕೊಂಡು ಹೋಗಬೇಕು ಅನ್ನೋದು ನಿಮಗೆ ಗೊತ್ತಾದರೆ ಸಾಕು.

ನನಗೆ ಕಲ್ಲು ಹೊಸದಲ್ಲ. ನಾನು ತಾಳಿಕೋಟೆಯವಳು. ನಮ್ಮ ಸೋದರಮಾವನದ್ದು ಫರಸಿ ಖಣಿ. ಚಾಣ, ಸುತ್ತಿಗೆ, ಏಟಿನ ಸದ್ದು ಇವುಗಳ ನಡುವೆ ರಜೆ ಕಳೆದವಳು ನಾನು. ಅದಕ್ಕೇ ಇಲ್ಲಿ ಯಾರೋ ದೊರೆ ಟೋಪಿ ಹಾಕಿಕೊಂಡು ಕಲ್ಲು ಒಡೆಯುವುದನ್ನು ಕಲಿಸ್ತೀನಿ ಅಂದಾಗ ಸ್ವಲ್ಪ ನಗುತ್ತಲೇ ಹೋದೆ. ಅರ್ಧ ಗಂಟೆಯಲ್ಲಿ ನಗು ನಿಂತಿತು. ನಮ್ಮ ಫರಸಿ ಪದರ ಪದರವಾಗಿ ಏಳುತ್ತದೆ. ಎಲ್ಲಿ ಚಾಣ ಇಟ್ಟರೆ ಎಲ್ಲಿ ಸೀಳುತ್ತದೆ ಅಂತ ಕಲ್ಲೇ ಹೇಳಿಕೊಡುತ್ತದೆ. ಇಲ್ಲಿನ ಫ್ಲಿಂಟ್, ಅಂದರೆ ಚಕಮಕಿ ಕಲ್ಲು, ಸೀಮೆಸುಣ್ಣದ ಬಂಡೆಯೊಳಗೆ ಹುಟ್ಟುವ ಗಡ್ಡೆ. ಹೊರಗೆ ಬಿಳಿ ಸಿಪ್ಪೆ, ಒಳಗೆ ಕಪ್ಪು. ಅದಕ್ಕೆ ಪದರವೇ ಇಲ್ಲ. ಏಟು ಹೇಗೆ ಬಿತ್ತೋ ಹಾಗೆ ಒಡೆಯುತ್ತದೆ. ಅಂದರೆ ತಪ್ಪಾದರೆ ಕಲ್ಲಿನ ಮೇಲೆ ಹಾಕುವಂತಿಲ್ಲ, ಎಲ್ಲ ನಮ್ಮ ಕೈಯದೇ.

ಮಾಸ್ತರು ಶುರುಮಾಡಿದ ರೀತಿ ಇಷ್ಟವಾಯಿತು. ಭಾಷಣ ಇಲ್ಲ, ಸ್ಲೈಡ್ ಇಲ್ಲ. ಒಂದು ತಟ್ಟೆ ತುಂಬ ಒಡೆದ ಕಲ್ಲು ತಂದಿಟ್ಟರು. ಕೆಲವು ಹಿಮಕ್ಕೆ ಬಿರಿದವು, ಕೆಲವು ಟ್ರ್ಯಾಕ್ಟರಿನ ನೇಗಿಲು ತಾಗಿದವು, ಕೆಲವು ಅವರೇ ಒಡೆದವು. ಮನುಷ್ಯ ಮಾಡಿದ್ದು ಯಾವುದು ಆರಿಸಿ ಅಂದರು. ಮೊದಲ ಸುತ್ತಿನಲ್ಲಿ ಎಲ್ಲರೂ ಚೂಪಾಗಿ ಚೆಂದ ಕಂಡದ್ದನ್ನೇ ಆರಿಸಿದರು. ಆಮೇಲೆ ಅವರು ಗುರುತು ತೋರಿಸಿದರು. ಏಟು ಬಿದ್ದ ಚಿಕ್ಕ ಜಾಗ, ಅದರ ಕೆಳಗೆ ಒಂದು ಉಬ್ಬು, ಅಲ್ಲಿಂದ ಹೊರಟ ಅಲೆಯ ಗೆರೆಗಳು. ಬೆರಳು ಆಡಿಸಿದರೆ ಉಬ್ಬು ಚೆನ್ನಾಗಿ ತಿಳಿಯುತ್ತದೆ. ಹಿಮಕ್ಕೆ ಬಿರಿದ ಕಲ್ಲಿನಲ್ಲಿ ಈ ಉಬ್ಬು ಇರುವುದಿಲ್ಲ. ನೇಗಿಲು ತಾಗಿದ್ದರಲ್ಲಿ ಒಂದೊಂದು ಸಲ ಇರುತ್ತದೆ. ಹಾಗಾಗಿ ಒಂದೇ ಚಕ್ಕೆ ನೋಡಿ ಹೇಳಬಾರದು, ಒಂದೇ ಗಡ್ಡೆಯ ಮೇಲೆ ಒಂದರ ಪಕ್ಕ ಒಂದು, ಲೆಕ್ಕ ಹಾಕಿ ಎಬ್ಬಿಸಿದ ಗುರುತು ಕಾಣಬೇಕು ಅಂದರು. ಎರಡನೇ ಸುತ್ತಿನಲ್ಲಿ ಮಗ ಒಂದನ್ನೂ ತಪ್ಪಿಸಲಿಲ್ಲ. ನಾನು ತಪ್ಪಿಸಿದೆನೋ ಇಲ್ಲವೋ ಅದು ಇಲ್ಲಿ ಮುಖ್ಯ ಅಲ್ಲ.

1797ರಲ್ಲಿ ಇದೇ ಸಫೋಕ್‌ನ ಹಾಕ್ಸನ್ ಎಂಬ ಹಳ್ಳಿಯಲ್ಲಿ ಇಟ್ಟಿಗೆ ಮಣ್ಣು ಅಗೆಯುವ ಗುಂಡಿಯಿಂದ ಇಂಥ ಕಲ್ಲುಗಳು ಸಿಕ್ಕಾಗ ಜಾನ್ ಫ್ರೆರೆ ಎಂಬಾತ ಲಂಡನ್ನಿನ ಪಂಡಿತರ ಸಂಘಕ್ಕೆ ಪತ್ರ ಬರೆದ. ಲೋಹ ಗೊತ್ತಿಲ್ಲದ ಜನ ಮಾಡಿದ್ದು ಇದು, ನಾವಂದುಕೊಂಡದ್ದಕ್ಕಿಂತ ಬಹಳ ಹಳೆಯದು ಅಂತ ಅದರಲ್ಲಿ ಹೇಳಿದ್ದ. 1800ರಲ್ಲಿ ಅಚ್ಚಾಯಿತು. ಅರವತ್ತು ವರ್ಷ ಹತ್ತಿರ ಹತ್ತಿರ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್‌ಗೆ ಕೈಗೊಡಲಿ, ಅಂದರೆ ಹಿಡಿ ಇಲ್ಲದೆ ಅಂಗೈಯಲ್ಲೇ ಹಿಡಿಯುವ ಕಲ್ಲಿನ ಕೊಡಲಿ, ಸಿಕ್ಕಿತು. ಮಾಸ್ತರಿಗೆ ಫೂಟ್ ಗೊತ್ತು. ಅಷ್ಟೇ ಅಲ್ಲ, ನಾನು ತಾಳಿಕೋಟೆ ಅಂದಾಗ ಮ್ಯಾಪು ತೆಗೆದು ನೋಡಿ, 'ಹುಣಸಗಿ ಪಕ್ಕದಲ್ಲೇ ಇದೆಯಲ್ಲ!' ಅಂದರು. ನನಗೆ ಒಂದು ಕ್ಷಣ ಏನು ಹೇಳಬೇಕೋ ತೋಚಲಿಲ್ಲ.

ವಿಷಯ ಗೊತ್ತಿಲ್ಲದವರಿಗೆ: ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರ ಇಸಾಂಪುರ ಅಂತ ಒಂದು ಊರಿದೆ. ಅಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದ ಕೊನೆಯಲ್ಲಿ ಅಗೆತ ಮಾಡಿಸಿದರು. ಸಿಕ್ಕಿದ್ದು ಆದಿಮಾನವರ ಒಂದು ಕಲ್ಲು ಖಣಿ. ಸುಣ್ಣಕಲ್ಲಿನ ಚಪ್ಪಡಿ ಆರಿಸಿ, ಅಲ್ಲೇ ಕೂತು, ಬೇರೆ ಗಟ್ಟಿ ಕಲ್ಲಿನಿಂದ ಬಡಿದು ಕೈಗೊಡಲಿ ಮಾಡಿದ ಜಾಗ. ಬಡಿದ ಕಲ್ಲು, ಅರ್ಧಕ್ಕೆ ಬಿಟ್ಟದ್ದು, ಸಿಡಿದ ಚಕ್ಕೆ, ಎಲ್ಲ ಅಲ್ಲಲ್ಲೇ ಬಿದ್ದಿದ್ದವು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲು ಪರೀಕ್ಷಿಸಿ ಹಾಕಿದ ಲೆಕ್ಕ ಸುಮಾರು 12.7 ಲಕ್ಷ ವರ್ಷ. ನಮ್ಮೂರಿನಿಂದ ಬಸ್ಸಿನಲ್ಲಿ ಹೋಗಿಬರುವ ದೂರ. ನಾನು ಓದಿದ ಶಾಲೆಯಿಂದ ಟ್ರಿಪ್ಪು ಅಂದರೆ ವಿಜಯಪುರದ ಗೋಳಗುಮ್ಮಟ, ಇಲ್ಲ ಆಲಮಟ್ಟಿ ಡ್ಯಾಮು. ಈ ಜಾಗದ ಹೆಸರನ್ನು ಸಫೋಕ್‌ನ ಒಂದು ಕೊಟ್ಟಿಗೆಯಲ್ಲಿ ಕೂತು ಕೇಳಬೇಕಾಯಿತು ನೋಡಿ.

ಕೆಲಸಕ್ಕೆ ಬರೋಣ. ತೊಡೆಯ ಮೇಲೆ ದಪ್ಪ ಚರ್ಮದ ತುಂಡು, ಕಣ್ಣಿಗೆ ಗಾಗಲ್ಸ್, ಎಡಗೈಗೆ ಗ್ಲೌಸ್. ಎಡಗೈಯಲ್ಲಿ ಗಡ್ಡೆ, ಬಲಗೈಯಲ್ಲಿ ದುಂಡನೆಯ ಬೆಣಚುಕಲ್ಲು. ಎಲ್ಲರೂ ಮೊದಲು ಗಡ್ಡೆಯ ನಡುವೆ ಬಡಿಯುತ್ತಾರೆ. ಏನೂ ಆಗುವುದಿಲ್ಲ, ಮೊಣಕೈ ಮಾತ್ರ ಜುಮ್ಮೆನ್ನುತ್ತದೆ. ಬಡಿಯಬೇಕಾದ್ದು ಅಂಚಿಗೆ ಹತ್ತಿರ. ಆ ಅಂಚಿನ ಕೋನ ತೊಂಬತ್ತು ಡಿಗ್ರಿಗಿಂತ ಕಡಿಮೆ ಇರಬೇಕು. ಏಟು ಹೊರಗಿನಿಂದ ಒಳಕ್ಕೆ ಓರೆಯಾಗಿ ಬೀಳಬೇಕು. ಚಕ್ಕೆ ಏಳುವುದು ಮೇಲಿನಿಂದ ಅಲ್ಲ, ಗಡ್ಡೆಯ ಕೆಳಮೈಯಿಂದ. ಅಂದರೆ ನೀವು ನೋಡುತ್ತಿರುವ ಮೈ ಒಂದು, ಒಡೆಯುವ ಮೈ ಇನ್ನೊಂದು. ಇದು ತಲೆಗೆ ಹೋಗುವುದಕ್ಕೆ ಸುಮಾರು ಹೊತ್ತು ಬೇಕು. ಸರಿಯಾಗಿ ಬಿದ್ದಾಗ ಸದ್ದೇ ಬೇರೆ. 'ಠಣ್' ಅನ್ನುವುದು ಹೋಗಿ 'ಟಕ್' ಅಂತ ಚಿಕ್ಕದಾಗಿ ಬರುತ್ತದೆ. ಚಕ್ಕೆ ಚರ್ಮದ ಮೇಲೆ ತಾನಾಗಿ ಬಂದು ಕೂರುತ್ತದೆ.

ಆ ಚಕ್ಕೆ ಹಿಡಿದು ನಾನು ಡಬ್ಬಿಗೆ ತಂದಿದ್ದ ಸೌತೆಕಾಯಿ ಹೆಚ್ಚಿ ನೋಡಿದೆ. ಬೇರೆಯವರಿಗೆ ಜಿಂಕೆ ತೊಡೆ ಇಟ್ಟಿದ್ದರು, ನಾವು ಸಸ್ಯಾಹಾರಿಗಳು ಅಂತ ಮೊದಲೇ ಬರೆದಿದ್ದೆವು. ಒತ್ತುವುದೇ ಬೇಡ. ಎಳೆದರೆ ಸಾಕು, ಬಿಲ್ಲೆಯ ಆಚೆ ಬದಿಯ ಬೆರಳು ಕಾಣಬೇಕು, ಅಷ್ಟು ತೆಳ್ಳಗೆ ಬಂತು. ಮನೆಯ ಚಾಕು ಹಾಗೆ ಹೆಚ್ಚುವುದಿಲ್ಲ. ಬಾಯಿಗೆ ಹಾಕಿಕೊಳ್ಳಲು ಹೋದಾಗ ಮಾಸ್ತರು ತಡೆದರು. ಕಣ್ಣಿಗೆ ಕಾಣದ ಕಲ್ಲಿನ ಚೂರು ಅಂಟಿರುತ್ತದೆ, ತಿನ್ನಬೇಡಿ ಅಂದರು. ಒಂದೇ ಏಟಿನಲ್ಲಿ ಹುಟ್ಟಿದ, ಇನ್ನೂ ಏನೂ ತಿದ್ದದ ಚಕ್ಕೆ ಅದು. ಇಥಿಯೋಪಿಯಾದ ಗೋನಾದಲ್ಲಿ 26 ಲಕ್ಷ ವರ್ಷದ ಹಿಂದೆ, ತಾಂಜಾನಿಯಾದ ಓಲ್ಡುವಾಯ್ ಕಣಿವೆಯಲ್ಲಿ ಅದಾದ ಮೇಲೆ, ಆದಿಮಾನವರಿಗೆ ಬೇಕಾಗಿದ್ದದ್ದು ಇಷ್ಟೇ. ಕೈಯಲ್ಲಿ ಹಿಡಿಯುವ ಗುಂಡುಕಲ್ಲಿಗಿಂತ ಅದರಿಂದ ಸಿಡಿದ ಈ ಚಕ್ಕೆಗೇ ಬೆಲೆ ಜಾಸ್ತಿ ಅಂತ ಆವತ್ತು ಕೈಗೆ ಗೊತ್ತಾಯಿತು.

ಮಗನಿಗೆ ಚಕ್ಕೆ ಏಳಲಿಲ್ಲ. ಸಿಟ್ಟು ಬಂದು ಗಡ್ಡೆಯನ್ನು ಸಿಮೆಂಟ್ ನೆಲಕ್ಕೆ ಎತ್ತಿ ಒಗೆದ. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರು ಬಿದ್ದುಬಿದ್ದು ನಕ್ಕರು. ಒಡೆದ ಚೂರುಗಳಲ್ಲಿ ನಾಲ್ಕಾರು ಒಳ್ಳೆಯ ಅಂಚಿನವು ಇದ್ದವು. ಆಗ ಕಾಂಜಿಯ ಕಥೆ ಹೇಳಿದರು. ಅಮೆರಿಕದಲ್ಲಿದ್ದ ಬೊನೊಬೊ ವಾನರ ಅದು. 1990ರ ದಶಕದಲ್ಲಿ ನಿಕೋಲಸ್ ಟೋತ್ ಮತ್ತು ಜೊತೆಯವರು ಅದಕ್ಕೆ ಕಲ್ಲು ಒಡೆದು ಹಗ್ಗ ಕತ್ತರಿಸಿ ತಿಂಡಿಯ ಪೆಟ್ಟಿಗೆ ತೆರೆಯುವುದನ್ನು ಕಲಿಸಿದರು. ಅವರು ತೋರಿಸಿದ್ದು ಕಲ್ಲಿಗೆ ಕಲ್ಲು ಬಡಿಯುವ ವಿಧಾನ. ಕಾಂಜಿ ಕಂಡುಕೊಂಡದ್ದು ಗಟ್ಟಿ ನೆಲಕ್ಕೆ ಎಸೆಯುವ ವಿಧಾನ. ಕೀನ್ಯಾದ ಲೊಮೆಕ್ವಿಯಲ್ಲಿ ಸಿಕ್ಕ 33 ಲಕ್ಷ ವರ್ಷದ ಕಲ್ಲುಗಳೂ ಬಹಳ ಒರಟು. ಸೋನಿಯಾ ಹಾರ್ಮಂಡ್ ತಂಡ 2015ರಲ್ಲಿ ಅವನ್ನು ಪ್ರಕಟಿಸಿತು. ಕೆಲವು ಗಡ್ಡೆ ಹದಿನೈದು ಕಿಲೋವರೆಗೂ ತೂಗುತ್ತವೆ. ಅಷ್ಟು ಭಾರದ್ದನ್ನು ಕೈಯಲ್ಲಿ ಹಿಡಿದು ನಾಜೂಕಾಗಿ ಬಡಿಯಲು ಆಗುವುದಿಲ್ಲ. ನೆಲದ ಮೇಲೆ ಒಂದು ಅಡಿಗಲ್ಲು ಇಟ್ಟು ಅದಕ್ಕೆ ಅಪ್ಪಳಿಸಿರಬೇಕು ಅನ್ನುತ್ತಾರೆ. ಆಗ ನಮ್ಮ ಹೋಮೋ ವಂಶದವರು ಇದ್ದರು ಅನ್ನುವುದಕ್ಕೆ ಒಂದು ಎಲುಬೂ ಸಿಕ್ಕಿಲ್ಲ. ನಮ್ಮ ವಂಶದ ಅತಿ ಹಳೆಯ ದವಡೆಯೇ 28 ಲಕ್ಷ ವರ್ಷದ್ದು. ಮಗ ಅವತ್ತಿನಿಂದ ತನ್ನ ವಿಧಾನಕ್ಕೆ ಲೊಮೆಕ್ವಿ ಸ್ಟೈಲ್ ಅಂತ ಹೆಸರಿಟ್ಟುಕೊಂಡಿದ್ದಾನೆ. ಈಗ ಮನೆಯಲ್ಲಿ ಅಕ್ರೋಟು ಒಡೆಯುವುದೂ ಅದೇ ಸ್ಟೈಲಿನಲ್ಲಿ.

ಚಕ್ಕೆ ಎಬ್ಬಿಸುವುದು ಒಂದು ಗಂಟೆಯಲ್ಲಿ ಬರುತ್ತದೆ. ಕೈಗೊಡಲಿ ಒಂದು ದಿನದಲ್ಲಿ ಬರುವುದಿಲ್ಲ. ಮೊದಲೇ ಒಪ್ಪಿಕೊಂಡು ಹೋಗಿ, ಬೇಜಾರಾಗುವುದಿಲ್ಲ. ಎರಡೂ ಮುಖದಿಂದ ಚಕ್ಕೆ ತೆಗೆಯುತ್ತಾ ಹೋಗಬೇಕು. ಗಡ್ಡೆ ತಿರುಗಿಸು, ಅಂಚು ಉಜ್ಜಿ ಗಟ್ಟಿ ಮಾಡು, ಹೊಡೆ, ಮತ್ತೆ ತಿರುಗಿಸು. ಈಗಿನ ಏಟು ಮುಂದಿನ ಮೂರನೇ ಏಟಿಗೆ ಜಾಗ ಮಾಡಿಕೊಡಬೇಕು. ಕಡೆಗೆ ತೆಳ್ಳಗೆ ಮಾಡುವಾಗ ಕಲ್ಲನ್ನು ಬದಿಗಿಟ್ಟು ಕೆಂಪು ಜಿಂಕೆಯ ಕೊಂಬು ಹಿಡಿಯುತ್ತಾರೆ. ಕೊಂಬು ಮೆತ್ತಗೆ ಕಚ್ಚಿ ಎಳೆಯುತ್ತದೆ. ಮಾಸ್ತರು ಎಬ್ಬಿಸಿದ ಒಂದು ಚಕ್ಕೆ ಹಪ್ಪಳದಷ್ಟು ತೆಳ್ಳಗೆ, ಅಂಗೈಯಷ್ಟು ಅಗಲ ಇತ್ತು. ಬೆಳಕಿಗೆ ಹಿಡಿದರೆ ಕಂದು ಬಣ್ಣ ಕಾಣುತ್ತಿತ್ತು. ನಮ್ಮ ಮನೆಯವರ ಕೈಗೊಡಲಿ ಇನ್ನೇನು ಆಯಿತು ಅನ್ನುವಾಗ ನಡುವೆ ಎರಡು ತುಂಡಾಯಿತು. ನನ್ನದು ತುಂಡಾಗಲಿಲ್ಲ, ಆದರೆ ಕೈಗೊಡಲಿ ಅನ್ನಲು ಉದಾರ ಮನಸ್ಸು ಬೇಕು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಊಟದ ಮುಂಚಿನ ಅರ್ಧ ಗಂಟೆ. ಮಾಸ್ತರು ತಾವು ಹಿಂದೆ ಮಾಡಿದ ಒಂದು ಕೈಗೊಡಲಿಯ ಸಿಡಿದ ಚಕ್ಕೆಗಳನ್ನೆಲ್ಲ ಅಂಟಿಸಿ ಮತ್ತೆ ಗಡ್ಡೆ ಮಾಡಿಟ್ಟಿದ್ದರು. ಹೊರಗೆ ಪೂರ್ತಿ ಗಡ್ಡೆ. ಒಂದು ಬದಿ ತೆಗೆದರೆ ಒಳಗೆ ಖಾಲಿ. ಆ ಖಾಲಿ ಜಾಗದ ಆಕಾರ ಸರಿಯಾಗಿ ಕೈಗೊಡಲಿಯದ್ದೇ. ಸಸೆಕ್ಸ್‌ನ ಬಾಕ್ಸ್‌ಗ್ರೋವ್‌ನಲ್ಲಿ ಸುಮಾರು 5 ಲಕ್ಷ ವರ್ಷದ ಹಿಂದೆ ಜನ ಒಂದು ಕುದುರೆಯನ್ನು ಕಡಿದ ಜಾಗ ಸಿಕ್ಕಿದೆ. ಅಲ್ಲಿಯ ಚಕ್ಕೆಗಳನ್ನೂ ಹೀಗೇ ಜೋಡಿಸಿದರು. ಮಾಡಿದವರು ಕೈಗೊಡಲಿಯನ್ನು ಜೊತೆಗೆ ಒಯ್ದಿದ್ದರು, ಆದರೆ ಅದರ ಅಚ್ಚು ಕಸದಲ್ಲೇ ಉಳಿದಿತ್ತು. ಚಕ್ಕೆ ಚೆಲ್ಲಿದ ರೀತಿ ನೋಡಿ ಒಬ್ಬ ಎಲ್ಲಿ ಮಂಡಿಯೂರಿ ಕೂತಿದ್ದ ಅನ್ನುವುದನ್ನೂ ಗುರುತಿಸಿದರು. ಕಲ್ಲಿನ ಬಗ್ಗೆ ಮಾಸ್ತರು ಏನು ಹೇಳಿದರೂ ಹೀಗೆ ತೋರಿಸಿಯೇ ಹೇಳುತ್ತಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಿದ್ದರು. ಐದಕ್ಕೆ ಐದು ಕೊಟ್ಟದ್ದು ಇದಕ್ಕೇ.

ಇಷ್ಟೆಲ್ಲ ಕಟ್ಟುನಿಟ್ಟಾಗಿದ್ದ ಅದೇ ಮನುಷ್ಯ ಊಟ ಆದಮೇಲೆ ಬೇರೆಯವರೇ ಆಗಿಬಿಟ್ಟರು.

ಬೆಂಕಿಯ ಪಾಠ ಶುರುವಾದದ್ದೇ ಕಥೆಯಿಂದ. ಒಂದು ದಿನ ಸಿಡಿಲು ಬಡಿದು ಮರ ಉರಿಯಿತು, ಒಬ್ಬ ಧೈರ್ಯವಂತ ಕೊಳ್ಳಿ ಎತ್ತಿಕೊಂಡ, ಅಲ್ಲಿಂದ ಮನುಷ್ಯ ಮನುಷ್ಯನಾದ. ಆ ದಿನ ಯಾವುದು, ಆ ಮರ ಎಲ್ಲಿತ್ತು, ಗೊತ್ತಾದದ್ದು ಹೇಗೆ? ಬೆಳಿಗ್ಗೆ ಒಂದು ಉಬ್ಬು ಕಾಣದಿದ್ದರೆ ನಂಬಬೇಡಿ ಅಂದವರು ಇವರೇ ಅಲ್ವಾ? ಆಮೇಲೆ ಪೂರ್ವಜರು ಮಾಡಿದ ಹಾಗೇ ಮಾಡೋಣ ಅಂತ ಎರಡು ಸಾಮಾನು ಕೊಟ್ಟರು. ಒಂದು, ನೈಲಾನ್ ಹಗ್ಗ ಕಟ್ಟಿದ ಬಿಲ್ಲು, ಅದರಲ್ಲಿ ಕಡ್ಡಿ ಸುತ್ತಿಸಿ ಮರಕ್ಕೆ ಮರ ಕಡೆಯುವುದು. ಇನ್ನೊಂದು, ಕ್ಯಾಂಪಿಂಗ್ ಅಂಗಡಿಯಲ್ಲಿ ಸಿಗುವ ಕಿಡಿಕಡ್ಡಿ. ಆ ಕಡ್ಡಿ ಫೆರ್ರೋಸೀರಿಯಂ ಎಂಬ ಮಿಶ್ರಲೋಹ. ಆಸ್ಟ್ರಿಯಾದ ರಸಾಯನ ತಜ್ಞ ಔಅರ್ ಫಾನ್ ವೆಲ್ಸ್‌ಬಾಖ್ ಅದನ್ನು ಕಂಡುಹಿಡಿದದ್ದು 1903ರಲ್ಲಿ. ಸಿಗರೇಟು ಲೈಟರಿನ ಒಳಗಿನ ಕಲ್ಲೂ ಅದೇ. ಅದನ್ನು ಉಕ್ಕಿನ ತುಂಡಿನಿಂದ ಗೀರಿ, ಅಂಗಡಿ ಹತ್ತಿಗೆ ಬೆಂಕಿ ಹತ್ತಿಸಿ, ನಾವು ಆದಿಮಾನವರು ಅಂತ ಚಪ್ಪಾಳೆ ತಟ್ಟಿಕೊಂಡೆವು. ನಮ್ಮ ಅಜ್ಜ ಬೀಡಿ ಹಚ್ಚಲು ಚಕಮಕಿ ಕಲ್ಲು, ಕಬ್ಬಿಣದ ತುಂಡು, ಹತ್ತಿ ಇಟ್ಟುಕೊಂಡಿರುತ್ತಿದ್ದ. ಅವನದ್ದೂ ಕಬ್ಬಿಣ ಬಂದ ಮೇಲಿನ ವಿದ್ಯೆ, ಆದರೂ ಈ ಕ್ಲಾಸಿಗಿಂತ ಹಳೆಯದು.

ಮರ ಕಡೆಯುವುದಕ್ಕೆ ನನ್ನ ತಕರಾರಿಲ್ಲ. ಯಜ್ಞಕ್ಕೆ ಅರಣಿ ಕಡೆಯುವುದನ್ನು ನೋಡಿದವರಿಗೆ ಅದು ಎಷ್ಟು ಬೆವರಿನ ಕೆಲಸ ಅಂತ ಗೊತ್ತು. ಆದಿಮಾನವರೂ ಹಾಗೆ ಮಾಡಿದ್ದರೋ ಏನೋ. ಆದರೆ ಕಟ್ಟಿಗೆ ಕೊಳೆತು ಹೋಗುತ್ತದೆ, ಸಾಕ್ಷಿ ಉಳಿಯುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು, ಅಷ್ಟೇ.

ನನ್ನ ದೊಡ್ಡ ತಕರಾರು ಬೇರೆ. ಬೆಂಕಿ ಬಳಸುವುದು ಒಂದು, ಬೇಕೆಂದಾಗ ಬೆಂಕಿ ಹುಟ್ಟಿಸುವುದು ಇನ್ನೊಂದು. ಈ ಕ್ಲಾಸಿನಲ್ಲಿ ಎರಡನ್ನೂ ಒಂದೇ ಗಂಟು ಕಟ್ಟಿಬಿಟ್ಟರು. ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೆಯಲ್ಲಿ ಬಾಗಿಲಿನಿಂದ ಸುಮಾರು 30 ಮೀಟರ್ ಒಳಗೆ, 10 ಲಕ್ಷ ವರ್ಷದ ಪದರದಲ್ಲಿ, ಹುಲ್ಲು ಸೊಪ್ಪಿನ ಬೂದಿ ಮತ್ತು ಸುಟ್ಟ ಎಲುಬಿನ ಚೂರು ಸಿಕ್ಕಿದೆ. 2012ರಲ್ಲಿ ಪ್ರಕಟವಾಯಿತು. ಮಣ್ಣಿನ ಪದರವನ್ನೇ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ ಹಿಡಿದ ಸಾಕ್ಷಿ ಅದು. ಸಿಡಿಲು ಅಷ್ಟು ಒಳಗೆ ಹೋಗಿ ಬಡಿಯುವುದಿಲ್ಲ. ಯಾರೋ ಬೆಂಕಿ ಒಳಗೆ ತಂದಿದ್ದರು. ಇಸ್ರೇಲಿನ ಗೆಶೆರ್ ಬೆನೋತ್ ಯಾಕೋವ್‌ನಲ್ಲಿ ಸುಮಾರು 7.8 ಲಕ್ಷ ವರ್ಷದ ಹಿಂದೆ ಮೀನು ಬೇಯಿಸಿ ತಿಂದಿದ್ದರು ಅಂತ ಮೀನಿನ ಹಲ್ಲುಗಳ ಪರೀಕ್ಷೆಯಿಂದ 2022ರಲ್ಲಿ ಹೇಳಿದರು. ಇವೆಲ್ಲ ಬೆಂಕಿ ಇತ್ತು ಅನ್ನುತ್ತವೆ. ಹಚ್ಚಿದವರು ಅವರೇನಾ, ಕಾಡಿನಿಂದ ತಂದು ಕಾಪಾಡಿಕೊಂಡಿದ್ದರಾ, ಅದನ್ನು ಹೇಳುವುದಿಲ್ಲ. ಬೇಯಿಸಿ ತಿಂದದ್ದರಿಂದಲೇ ನಮ್ಮ ಪೂರ್ವಜ ಹೋಮೋ ಎರೆಕ್ಟಸ್‌ನ ಹಲ್ಲು ಚಿಕ್ಕದಾಯಿತು, ಮೆದುಳು ದೊಡ್ಡದಾಯಿತು ಅಂತ ವಿಜ್ಞಾನಿ ರಿಚರ್ಡ್ ರ‍್ಯಾಂಗಮ್ ವಾದ ಇದೆ. ಕೇಳಲು ಚೆನ್ನಾಗಿದೆ. ಆದರೆ ಅಷ್ಟು ಹಿಂದಿನ ಒಲೆಗಳು ಸಿಗಬೇಕಲ್ಲ. ಮಾಸ್ತರು ಅದನ್ನು ಗೋಡೆಯ ಪೋಸ್ಟರಿನಲ್ಲಿ ಸಿದ್ಧವಾದ ಸತ್ಯ ಅನ್ನುವ ಹಾಗೆ ಬರೆದು ಹಾಕಿದ್ದಾರೆ.

ತಮಾಷೆ ಕೇಳಿ. ಬೆಂಕಿ ಹುಟ್ಟಿಸಿದ್ದಕ್ಕೆ ಇವತ್ತಿಗೆ ಸಿಕ್ಕಿರುವ ಅತಿ ಹಳೆಯ ಸಾಕ್ಷಿ ಇರುವುದು ಈ ಕ್ಲಾಸಿನ ಪಕ್ಕದಲ್ಲೇ! ಸಫೋಕ್‌ನ ಬಾರ್ನಮ್ ಎಂಬ ಹಳ್ಳಿ, ಬ್ರ್ಯಾಂಡನ್ನಿನಿಂದ ಕಾರಿನಲ್ಲಿ ಅರ್ಧ ಗಂಟೆಯ ಒಳಗೆ. ಹಳೆಯ ಜೇಡಿಮಣ್ಣಿನ ಗುಂಡಿ. ಬ್ರಿಟಿಷ್ ಮ್ಯೂಸಿಯಂನ ನಿಕ್ ಆಷ್ಟನ್, ರಾಬ್ ಡೇವಿಸ್ ಮತ್ತವರ ತಂಡ ವರ್ಷಗಟ್ಟಲೆ ಅಲ್ಲಿ ಅಗೆದು 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. 4 ಲಕ್ಷ ವರ್ಷಕ್ಕೂ ಹಳೆಯ ಮಣ್ಣು. ಅದರಲ್ಲಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಉರಿದು ಕೆಂಪಾದ ಜೇಡಿ. ಶಾಖಕ್ಕೆ ಸಿಡಿದ ಕೈಗೊಡಲಿಗಳು. ಶಾಖ 700 ಡಿಗ್ರಿ ದಾಟಿತ್ತು ಅಂತ ಲೆಕ್ಕ. ಇಷ್ಟೇ ಆಗಿದ್ದರೆ ಯಾವುದೋ ಕಾಡಿನ ಬೆಂಕಿ ಅನ್ನಬಹುದಿತ್ತು. ಆದರೆ ಜೊತೆಗೆ ಪೈರೈಟ್‌ನ ಎರಡು ಚೂರು ಸಿಕ್ಕವು. ಪೈರೈಟ್ ಅಂದರೆ ಕಬ್ಬಿಣ, ಗಂಧಕ ಸೇರಿದ ಹೊಳೆಯುವ ಖನಿಜ, ಚಿನ್ನ ಅಂತ ಜನ ಮೋಸಹೋಗುವುದು ಇದಕ್ಕೇ. ಫ್ಲಿಂಟಿನಿಂದ ಇದನ್ನು ಗೀರಿ ಹೊಡೆದರೆ ನಿಜವಾದ ಬಿಸಿ ಕಿಡಿ ಬರುತ್ತದೆ. ಬಾರ್ನಮ್ ಸುತ್ತಮುತ್ತ ಪೈರೈಟ್ ಬಹಳ ಅಪರೂಪ. ಹಾಗಾದರೆ ಬೇರೆ ಕಡೆಯಿಂದ ಯಾರೋ ಗೊತ್ತಿದ್ದೇ ತಂದಿದ್ದರು. ಅದಕ್ಕೆ ಮೊದಲು ಬೆಂಕಿ ಹುಟ್ಟಿಸಿದ್ದಕ್ಕೆ ಇದ್ದ ಸಾಕ್ಷಿ ಉತ್ತರ ಫ್ರಾನ್ಸಿನಲ್ಲಿದ್ದ, ನಮಗೆ ಸಂಬಂಧಿಗಳಾದ ನಿಯಾಂಡರ್ತಾಲ್ ಮಾನವರದ್ದು, ಸುಮಾರು 50 ಸಾವಿರ ವರ್ಷದ್ದು. ಒಂದೇ ನೆಗೆತಕ್ಕೆ ಮೂರೂವರೆ ಲಕ್ಷ ವರ್ಷ ಹಿಂದಕ್ಕೆ ಹೋಯಿತು.

ಮನೆ ಹಿತ್ತಲಲ್ಲಿ ಇಂಥ ಕಥೆ ಇಟ್ಟುಕೊಂಡು, ಯಾವುದೋ ಊರಿನ ಸಿಡಿಲಿನ ಕಥೆ ಹೇಳುತ್ತಾರಲ್ಲ, ನನಗೆ ಉರಿದದ್ದು ಇದಕ್ಕೆ. ಪೈರೈಟ್ ಗಡ್ಡೆ ಒಂದು ಅವರ ಕಪಾಟಿನಲ್ಲೇ ಇತ್ತು. ಕೈಗೆ ಕೊಟ್ಟು ನೋಡಿಸಿ ವಾಪಸ್ ಇಟ್ಟರು. ಹೊಡೆದು ನೋಡೋಣ ಅಂದರೆ, ಕಿಡಿ ಸಣ್ಣದು, ಹತ್ತಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತೆ, ಗುಂಪಿಗೆ ಬೇಜಾರಾಗುತ್ತೆ ಅಂದರು. ಬೇಜಾರಾಗಲಿ ಬಿಡಿ! ಎಷ್ಟು ಕಷ್ಟ ಅಂತ ತಿಳಿಯಲಿಕ್ಕೇ ಅಲ್ವಾ ದುಡ್ಡು ಕೊಟ್ಟು ಬಂದಿರುವುದು? ಆಲ್ಪ್ಸ್ ಹಿಮದಲ್ಲಿ ಸಿಕ್ಕ ಓಟ್ಸಿ ಎಂಬ ಹಳೇ ಕಾಲದ ಮನುಷ್ಯನ ಹೆಣದ ಹತ್ತಿರ ಮರದ ಅಣಬೆಯ ಮೆತ್ತನೆ ನಾರು ಇತ್ತು, ಅದರಲ್ಲಿ ಪೈರೈಟ್ ಪುಡಿ ಅಂಟಿತ್ತು. ಸುಮಾರು 5,300 ವರ್ಷದ ಹಿಂದಿನ ಆಸಾಮಿಯ ಕಿಸೆಯಲ್ಲಿ ಇದ್ದ ಸಾಮಾನು ನಮ್ಮ ಕ್ಲಾಸಿನಲ್ಲಿ ಇರಲಿಲ್ಲ.

ಒಂದು ಚಿಕ್ಕ ವಿಷಯ ಮಾತ್ರ ಚೆನ್ನಾಗಿತ್ತು. ಮಗ ಕೇಳಿದ: ಕಾರ್ಟೂನಿನಲ್ಲಿ ಎರಡು ಕಲ್ಲು ಬಡಿದು ಬೆಂಕಿ ಹಚ್ಚುತ್ತಾರಲ್ಲ, ಆಗುತ್ತಾ? ಮಾಸ್ತರು ಕತ್ತಲು ಮಾಡಿಸಿ ಎರಡು ಫ್ಲಿಂಟ್ ಕೈಗೆ ಕೊಟ್ಟರು. ಬಡಿದಾಗ ಕಲ್ಲೊಳಗೇ ಮಂಕಾಗಿ ಕಿತ್ತಳೆ ಬೆಳಕು ಮಿನುಗಿತು, ಸುಟ್ಟ ವಾಸನೆಯೂ ಬಂತು. ಆದರೆ ಹತ್ತಿಯ ಮೇಲೆ ಎಷ್ಟು ಹೊತ್ತು ಬಡಿದರೂ ಏನೂ ಹತ್ತಲಿಲ್ಲ. ಕಿಡಿಯಾಗಿ ಉರಿಯಲು ಕಬ್ಬಿಣ ಬೇಕು, ಪೈರೈಟ್‌ನಲ್ಲಿರುವುದಾದರೂ ಸರಿ. ಮಧ್ಯಾಹ್ನದ ಎರಡು ಅಂಕ ಈ ಹತ್ತು ನಿಮಿಷಕ್ಕೆ.

ಈಗ ವ್ಯವಸ್ಥೆಯ ಮಾತು. ಕೊಟ್ಟಿಗೆಗೆ ಒಂದು ಬದಿ ಗೋಡೆ ಇಲ್ಲ, ಚಳಿ ಹೊಡೆಯುತ್ತದೆ. ಅದು ಬೇಕೆಂದೇ ಹಾಗೆ. ಫ್ಲಿಂಟ್ ದೂಳು ಶ್ವಾಸಕೋಶಕ್ಕೆ ವಿಷ. ಬ್ರ್ಯಾಂಡನ್ನಿನಲ್ಲಿ ಹಿಂದೆ ಬಂದೂಕಿನ ಚಕಮಕಿ ಕಲ್ಲು ಮಾಡುತ್ತಿದ್ದವರು ಮುಚ್ಚಿದ ಕೋಣೆಯಲ್ಲಿ ಕೂತು ಕೂತು ಅದೇ ದೂಳಿಗೆ ಬೇಗ ಸತ್ತರು. ನಮ್ಮಲ್ಲಿ ಖಂಭಾತಿನ ಅಕೀಕು ಕಲ್ಲಿನ ಕೆಲಸಗಾರರ ಕಥೆಯೂ ಇದೇ. ಗಾಳಿ ಆಡುವ ಜಾಗದಲ್ಲಿ ಇಡೀ ದಿನ ಮಾಸ್ಕ್ ಹಾಕಿಸಿ ಕೂರಿಸಿದ್ದಕ್ಕೆ ಅವರಿಗೆ ಪೂರ್ತಿ ಅಂಕ. ಮನೆಯೊಳಗೆ, ಅದರಲ್ಲೂ ಅಡುಗೆಮನೆಯಲ್ಲಿ, ಇದನ್ನು ಪ್ರಯತ್ನಿಸಬೇಡಿ. ಕೈ ಕೊಯ್ದುಕೊಳ್ಳುವುದು ಗ್ಯಾರಂಟಿ. ಬ್ಯಾಂಡೇಜು ಅವರೇ ಕೊಡುತ್ತಾರೆ. ಮೈಗೆ ದಪ್ಪ ಪ್ಯಾಂಟು, ಕಾಲಿಗೆ ಶೂ ಇರಲಿ. ಸಿಡಿದ ಚೂರು ಚಪ್ಪಲಿಯೊಳಗೆ ಸೇರಿದರೆ ಮುಗೀತು ಕಥೆ.

ಕೆಲಸ ಎಲ್ಲ ಟಾರ್ಪಾಲಿನ ಮೇಲೆ. ಸಂಜೆ ಚೂರೆಲ್ಲ ಗುಡಿಸಿ ಚೀಲಕ್ಕೆ ತುಂಬಿ, ಅದರೊಳಗೆ ಆ ವರ್ಷದ ಒಂದು ಪೆನ್ನಿ ನಾಣ್ಯ ಹಾಕಿ ಕಟ್ಟುತ್ತಾರೆ. ಮುಂದೆ ಯಾರೋ ಅಗೆದು ಇದನ್ನೂ ಹಳೆಯದೆಂದು ತಿಳಿಯಬಾರದಲ್ಲ. ನೀವು ಮಾಡಿದ ಕೈಗೊಡಲಿಯ ಮೇಲೂ ವಜ್ರದ ಮುಳ್ಳಿನಿಂದ ಇಸವಿ ಕೆತ್ತಿಸಿ ಕೊಡುತ್ತಾರೆ. ಮನೆಗೆ ತಂದ ಚಕ್ಕೆಗಳನ್ನು ಹೊಲದಲ್ಲೋ ಪಾರ್ಕಿನಲ್ಲೋ ಎಸೆಯಬೇಡಿ.

ಬ್ರ್ಯಾಂಡನ್ನಿಗೆ ರೈಲಿದೆ, ಸ್ಟೇಷನ್ನಿನಿಂದ ಟ್ಯಾಕ್ಸಿ ಬೇಕು. ಊಟ ನೀವೇ ಒಯ್ಯಬೇಕು. ಚಹಾ ಬೇಕಾದಷ್ಟು, ಹಾಲು ಸಕ್ಕರೆ ಹಾಕಿ ಕುದಿಸಿದ ಖಡಕ್ ಚಹಾ. ಈ ದೇಶದಲ್ಲಿ ಅದು ಸಣ್ಣ ಮಾತಲ್ಲ. ಸಮಯ ಇದ್ದರೆ ಹತ್ತಿರದ ಗ್ರೈಮ್ಸ್ ಗ್ರೇವ್ಸ್ ನೋಡಿಬನ್ನಿ. ಸುಮಾರು 4,500 ವರ್ಷದ ಹಿಂದಿನ ಫ್ಲಿಂಟ್ ಗಣಿ, 400ಕ್ಕೂ ಜಾಸ್ತಿ ಗುಂಡಿ, ಒಂದರೊಳಗೆ 9 ಮೀಟರ್ ಇಳಿಯಬಹುದು. ಜಿಂಕೆ ಕೊಂಬಿನಲ್ಲಿ ಅಷ್ಟು ಆಳ ಅಗೆದಿದ್ದಾರೆ. ಆದಿಮಾನವರ ಕಾಲಕ್ಕೆ ಇದು ಬಹಳ ಈಚಿನದು, ಆದರೂ ಖಣಿ ಮನೆತನದವಳಾದ ನನಗೆ ಅಲ್ಲಿಂದ ಮೇಲೆ ಬರಲು ಮನಸ್ಸಿರಲಿಲ್ಲ.

ರಾತ್ರಿ ಮಾಮಾನಿಗೆ ವಿಡಿಯೊ ಕಾಲ್ ಮಾಡಿ ನನ್ನ ಕೈಗೊಡಲಿ ತೋರಿಸಿದೆ. ಎಷ್ಟು ಕೊಟ್ಟಿ ಅಂತ ಕೇಳಿದ. ರೂಪಾಯಿ ಲೆಕ್ಕದಲ್ಲಿ ಹೇಳಿದೆ. 'ಯವ್ವಾ, ಹದಿಮೂರು ಸಾವಿರ ಕೊಟ್ಟು ಕಲ್ಲು ಒಡದಿ? ನಮ್ಮ ಖಣಿಗೆ ಬಾ, ಪಗಾರ ಕೊಟ್ಟು ಒಡಸ್ತೀನಿ' ಅಂದ. ಆಮೇಲೆ ಫೋನಿಗೆ ಕಣ್ಣು ಹತ್ತಿರ ತಂದು, ಎಡಗಡೆ ಅಂಚಿನ ಕೊನೇ ಏಟು ಜೋರು ಬಿದ್ದೈತಿ ನೋಡು ಅಂತ ತೋರಿಸಿದ. ಮಾಸ್ತರೂ ಬೆಳಿಗ್ಗೆ ಅದೇ ಜಾಗಕ್ಕೆ ಬೆರಳಿಟ್ಟಿದ್ದರು.

ಬುಕ್ ಮಾಡುವವರಿಗೆ ಒಂದು ಮಾತು. ಬರೀ ಬೆಳಗಿನ ಪಾಠಕ್ಕೆ 65 ಪೌಂಡಿನ ಟಿಕೆಟ್ ಇದೆ. ಅವರ ವೆಬ್‌ಸೈಟಿನಲ್ಲಿ ಅದು ಕಾಣುವುದಿಲ್ಲ, ಫೋನ್ ಮಾಡಿ ಕೇಳಿದರೆ ಕೊಡುತ್ತಾರೆ. ಅದನ್ನೇ ತಗೊಳ್ಳಿ. ಫೋನ್ ಮಾಡಿದಾಗ ಪೈರೈಟ್ ಹೊಡೆಯಲು ಕೊಡುತ್ತೀರಾ ಅಂತಲೂ ಕೇಳಿ. ಹೂಂ ಅಂದರೆ ಇಡೀ ದಿನದ್ದು ತಗೊಂಡು ನನಗೂ ತಿಳಿಸಿ, ಮಗನನ್ನು ಕರೆದುಕೊಂಡು ಇನ್ನೊಂದು ಸಲ ಬರುತ್ತೇನೆ.